ಒಬ್ಬನಿಗೆ ಒಂದು ಜೀಪು

ಹಳೆಯ ಜೀಪು ಇಟ್ಟುಕೊಂಡವನಿಗೆ ನಗು ಬರಿಸುವ ಸಂಗತಿಗಳಿಗೆ ಕೊರತೆಯಿಲ್ಲ. ಜೊತೆಗೆ ಕೂತು ನಗುವವರು ಮಾತ್ರ ಸಿಗುವುದಿಲ್ಲ.

ಎಪ್ಪತ್ತರ ದಶಕದ ನಡುವೆ, ಬಿ.ಎಸ್ಸಿ. ಮುಗಿಸಿ ಒಂದು ಗೊಬ್ಬರದ ಕಂಪನಿಗೆ ಸೇರಿದೆ. ಚನ್ನಗಿರಿಯಲ್ಲಿ ಬಾಡಿಗೆ ಕೋಣೆ. ಹೊನ್ನಾಳಿಯಿಂದ ಜಗಳೂರಿನವರೆಗೆ ಹೊಲ ಹೊಲ ತಿರುಗಿ ಪರೀಕ್ಷೆಗೆ ಮಣ್ಣು ತರುವ ಕೆಲಸ. ಬಸ್ಸು ಹೋಗದ ಊರುಗಳೇ ಹೆಚ್ಚು. ಮಿಲಿಟರಿಯವರು ಹರಾಜು ಹಾಕಿದ ಜೀಪೊಂದನ್ನು ಅಗ್ಗಕ್ಕೆ ಕೊಂಡು, ಕೊರಕಲು ದಾರಿಗೆ ಹೊಂದುವಂತೆ ಒಂದೊಂದೇ ಕೆಲಸ ಮಾಡಿಸತೊಡಗಿದೆ. ಕಂಪನಿಗಾಗಿ ಎಂದು ಹೇಳಿಕೊಳ್ಳುತ್ತಿದ್ದೆ. ನಿಜವಾಗಿ ನನಗೆ ಬೇಕಿದ್ದದ್ದು ಎಡಗಡೆ ಸೀಟಿನಲ್ಲಿ ಮಾತಾಡುತ್ತ ಬರುವ ಒಂದು ಜೀವ. ಇಡೀ ದಿನ ಬಾಯಿ ಬಿಡದೆ ಸಂಜೆ ಹೋಟೆಲಿನಲ್ಲಿ ಕಾಫಿ ಕೇಳಿದರೆ ಸ್ವರವೇ ಏಳುತ್ತಿರಲಿಲ್ಲ.

ದುಡಿಯುವ ಗಾಲಿ

ಜೀಪು ತಂದ ದಿನ ಕೋಣೆಯ ಮಾಲೀಕರು ಸುತ್ತ ಒಂದು ಪ್ರದಕ್ಷಿಣೆ ಹಾಕಿದರು.

“ಏನ್ ವಿಶೇಷ ಐತ್ರಿ ಇದರಾಗೆ?”

“ಎಂಜಿನ್ ನಾಲ್ಕೂ ಗಾಲಿಯನ್ನು ತಿರುಗಿಸುತ್ತೆ.”

“ಮತ್ತೆ ಬೇರೆ ಗಾಡಿಯಾಗೆ?”

“ಎರಡನ್ನೇ ತಿರುಗಿಸೋದು. ಉಳಿದೆರಡು ಅವುಗಳ ಜೊತೆ ಸುಮ್ಮನೆ ಉರುಳುತ್ತವೆ.”

ಅವರು ಬೆರಳು ಮಡಚಿ ಲೆಕ್ಕ ಹಾಕಿದರು. “ಅಂದ್ರೆ ದುಡಿಯೋವು ಎರಡು, ಕೂತು ಉಣ್ಣೋವು ಎರಡು. ನಮ್ಮನೇನೂ ಹಂಗೇ ನಡೀತೈತೆ ಬಿಡ್ರಿ. ನಿಮ್ಮ ಮನ್ಯಾಗೆ ಎಷ್ಟು ಜನ?”

“ನಾನೊಬ್ಬನೇ.”

“ಹಂಗಾರೆ ನಿಮಗ್ಯಾಕ್ರಿ ಜೀಪು? ಮಣ್ಣು ತಳ್ಳೋ ಕೈಗಾಡಿ ತಗಳ್ಳಿ, ಅದಕ್ಕೆ ಒಂದೇ ಗಾಲಿ.”

ಚೀಲದ ಸಂಬಂಧ

ಬಂಡೆಗಳ ಮೇಲೆ ಹೊಟ್ಟೆ ತಾಗದಂತೆ ಜೀಪನ್ನು ಎತ್ತರಿಸಬೇಕಿತ್ತು. ಹೊಸ ಸ್ಪ್ರಿಂಗ್ ದುಬಾರಿ. ಮೆಕ್ಯಾನಿಕ್ ಒಬ್ಬ ಗುಜರಿಯಲ್ಲಿ ಬಿದ್ದಿದ್ದ ಲಾರಿಯ ಸ್ಪ್ರಿಂಗ್ ಪಟ್ಟಿಗಳನ್ನು ಕತ್ತರಿಸಿ ಕೂರಿಸಿದ. ಜೀಪು ಎತ್ತರವೇನೋ ಆಯಿತು. ಆದರೆ ಬೆಂಕಿಪೊಟ್ಟಣ ಅಡ್ಡ ಸಿಕ್ಕಿದರೂ ಮೇಲಕ್ಕೆ ಹಾರುತ್ತಿತ್ತು. ದೂರು ಹೇಳಿದೆ.

“ಲಾರಿ ಪಟ್ಟಿ ಸಾರ್. ಭಾರ ಬೇಕು ಅದಕ್ಕೆ. ನೀವು ಒಬ್ಬರೇ ಕುಂತ್ರೆ ಕುಣೀದೆ ಏನ್ ಮಾಡ್ತೈತೆ? ಮದುವಿ ಆಗ್ರಿ, ಸರಿಹೋಗ್ತೈತೆ.”

ಅದು ತಕ್ಷಣಕ್ಕೆ ಆಗುವ ರಿಪೇರಿಯಲ್ಲ. ಪ್ರಯೋಗಕ್ಕೆಂದು ಎಡಗಡೆ ಸೀಟಿನಲ್ಲಿ ಒಂದು ಮಣ್ಣಿನ ಚೀಲ ಕೂರಿಸಿ ಹಗ್ಗ ಬಿಗಿದೆ. ಕುಣಿತ ಅರ್ಧಕ್ಕೆ ಇಳಿಯಿತು. ಕೆಲವು ದಿನಗಳಲ್ಲಿ, ದಾರಿ ಕವಲೊಡೆದಲ್ಲಿ ‘ಯಾವ ಕಡೆ ಹೋಗೋಣ?’ ಎಂದು ಅದರ ಕಡೆ ತಿರುಗುವ ಅಭ್ಯಾಸವಾಯಿತು.

ಬಿಳಿಚೋಡಿನ ದಾರಿಯಲ್ಲಿ ಹಿರಿಯರೊಬ್ಬರು ಕೈ ಅಡ್ಡ ಹಿಡಿದರು. ಹಗ್ಗ ಬಿಚ್ಚಲು ಹೊತ್ತಾಗುತ್ತದೆಂದು, “ಹಿಂದೆ ಕೂತುಕೊಳ್ಳಿ” ಅಂದೆ. ಅವರು ಹತ್ತಲಿಲ್ಲ. ಚೀಲವನ್ನೂ ನನ್ನನ್ನೂ ನೋಡಿದರು.

“ಹತ್ತಾಕೆ ಮುಂಚೆ ಒಂದು ಮಾತು ಕೇಳ್ತೀನಿ, ಬೇಜಾರು ಮಾಡ್ಕಾಬ್ಯಾಡ್ರಿ. ಈ ಚೀಲ ನಿಮಗೆ ಏನಾಗಬೇಕು?”

ಎತ್ತಿಗೆ ಅಡ್ಡಿ

ಕೆಸರಿನಲ್ಲಿ ಹೂತರೆ ತನ್ನನ್ನು ತಾನೇ ಎಳೆದುಕೊಳ್ಳುವ ಯಂತ್ರವೊಂದನ್ನು ಜೀಪಿನ ಮೂತಿಗೆ ಹಾಕಿಸುವ ಆಸೆಯಿತ್ತು. ಅದು ನನ್ನ ಕೈಗೆ ಎಟುಕುವಂತಿರಲಿಲ್ಲ. ಬದಲಿಗೆ ಒಂದು ಕೊಕ್ಕೆ ವೆಲ್ಡಿಂಗ್ ಮಾಡಿಸಿ, ದಪ್ಪ ಹಗ್ಗ ಇಟ್ಟುಕೊಂಡೆ. ಎಳೆಯುವವರು ಯಾರೆಂದು ಮಾತ್ರ ಲೆಕ್ಕ ಹಾಕಿರಲಿಲ್ಲ.

ಸೊಕ್ಕೆಯ ಹತ್ತಿರ ಮಳೆ ಬಿದ್ದ ಎರೆ ಹೊಲದಲ್ಲಿ ನಾಲ್ಕೂ ಗಾಲಿ ತಿರುಗುತ್ತಲೇ ಹೂತವು. ರೈತರೊಬ್ಬರು ಎತ್ತಿನ ಜೋಡಿ ತಂದು ಕೊಕ್ಕೆಗೆ ಹಗ್ಗ ಸಿಕ್ಕಿಸಿದರು. ನಾನು ಸಹಾಯವಾಗಲೆಂದು ಎಂಜಿನ್ ಜೋರು ಮಾಡಿದೆ. ಎತ್ತುಗಳು ಬೆದರಿ ಪಕ್ಕಕ್ಕೆ ಸರಿದವು.

“ಬಂದ್ ಮಾಡ್ರಿ ಅದನ್ನ! ಕೆಲಸ ಮಾಡೋವಕ್ಕೆ ಅಡ್ಡಿ ಆಗ್ತೈತೆ!”

ಬಂದ್ ಮಾಡಿದೆ. ಜೀಪು ಸದ್ದಿಲ್ಲದೆ ದಡ ಸೇರಿತು. ನಾನು ಕೈ ಮುಗಿದೆ. ಅವರು ಬಾನೆಟ್ಟಿನ ಮೇಲೆ ತಟ್ಟಿ, “ಗಾಡಿ ಚೆನ್ನಾಗೈತ್ರಿ. ಆ ಎಂಜಿನ್ ಒಂದು ಇಳಿಸಿಬಿಡ್ರಿ, ಹಗುರಾಗಿ ಹೋಗ್ತೈತೆ” ಅಂದರು.

ತ್ರಿಕೋನ

ಕೊನೆಯದು ಬಣ್ಣ. ಕೆಸರಿಗೆಂದು ಹಾಕಿಸಿದ ಅಗಲದ ಟೈರುಗಳು ಹೊರಗೆ ಚಾಚಿಕೊಂಡಿದ್ದವು. ಬೇರೆ ಗಾಡಿಯವರಿಗೆ ಎಚ್ಚರಿಕೆ ಇರಲೆಂದು, ಹೊನ್ನಾಳಿಯ ಬೋರ್ಡು ಬರೆಯುವವನಿಗೆ, “ಎದ್ದು ಕಾಣುವಂತೆ ಒಂದು ಕೆಂಪು ತ್ರಿಕೋನ ಬರಿ” ಅಂದೆ.

“ಈ ವರ್ಷ ಅದನ್ನೇ ಬರೆಯೋದಾಗೈತೆ ಸಾರ್. ಕಣ್ಣು ಮುಚ್ಚಿ ಬರೀತೀನಿ.”

ಹಳದಿ ಬಣ್ಣ ಬಳಿದು ಹಿಂದೊಂದು, ಪ್ರೀತಿಯಿಂದ ಮುಂದೊಂದು ಬರೆದುಕೊಟ್ಟ. ತುದಿ ಕೆಳಗಾಗಿತ್ತು. ಹೇಗಿಟ್ಟರೂ ಮೂರು ಕೋನಗಳ ಮೊತ್ತ ಬದಲಾಗುವುದಿಲ್ಲವೆಂದು ಸುಮ್ಮನಾದೆ. ತಲೆಕೆಳಗಾದ ಕೆಂಪು ತ್ರಿಕೋನ ಕುಟುಂಬ ಯೋಜನೆಯ ಗುರುತು. ತುರ್ತು ಪರಿಸ್ಥಿತಿಯ ಆ ವರ್ಷ ಸರ್ಕಾರದವರು ಗಂಡಸರನ್ನು ಜೀಪಿನಲ್ಲಿ ತುಂಬಿಕೊಂಡು ಹೋಗಿ ಮಕ್ಕಳಾಗದಂತೆ ಆಪರೇಷನ್ ಮಾಡಿಸುತ್ತಿದ್ದರು. ಗೋಡೆಗಳ ಮೇಲೆ ಆ ಗುರುತು ನಾನೂ ಕಂಡಿದ್ದೆ. ಮದುವೆಯಾಗದವನಿಗೆ ಆ ಗೋಡೆ ಓದುವ ಅಗತ್ಯ ಬಿದ್ದಿರಲಿಲ್ಲ.

ಅದೇ ವಾರ ನ್ಯಾಮತಿಯಲ್ಲಿ ಒಂದು ಹೆಣ್ಣು ನೋಡಲು ಹೋದೆ. ಇಸ್ತ್ರಿ ಮಾಡಿದ ಅಂಗಿ, ಎಡಗಡೆ ಸೀಟು ಒರೆಸಿ ಖಾಲಿ ಮಾಡಿದ್ದೆ. ಜೀಪು ಓಣಿಗೆ ತಿರುಗಿದ್ದೇ ತಡ, ಜಗಲಿಗಳ ಮೇಲಿದ್ದ ಗಂಡಸರೆಲ್ಲ ಮಾಯ. ಒಬ್ಬರು ಅರ್ಧ ಬೋಳಿಸಿದ ಗಡ್ಡದ ಸೋಪಿನಲ್ಲೇ ಹಿತ್ತಲ ಬೇಲಿ ಹಾರಿದರು. ಆ ಮನೆಯ ಬಾಗಿಲಲ್ಲಿ ಹುಡುಗಿಯೇ ನಿಂತಿದ್ದಳು.

“ಅಪ್ಪ ಊರಾಗಿಲ್ಲ, ದೊಡ್ಡಪ್ಪನೂ ಇಲ್ಲ. ನಿಮಗೆ ಬೇಕಾದೋರು ಯಾರೂ ಇಲ್ರಿ.”

“ನಾನು ಬಂದಿರೋದು ನಿಮಗೋಸ್ಕರ.”

ಅವಳು ಎರಡು ಹೆಜ್ಜೆ ಹಿಂದೆ ಸರಿದಳು. “ಹೆಂಗಸರಿಗೂ ಶುರುವಾತೇನ್ರಿ?”

ಬಿಡಿಸಿ ಹೇಳಿದ ಮೇಲೆ ಅವಳು ಸೆರಗು ಬಾಯಿಗೆ ಒತ್ತಿ ನಕ್ಕಳು. ನಾನೂ ನಕ್ಕೆ. ಇನ್ನೊಬ್ಬರ ಜೊತೆ ನಕ್ಕು ಎಷ್ಟು ಕಾಲವಾಗಿತ್ತೋ. ಅವಳಪ್ಪ ಹುಲ್ಲಿನ ಬಣವೆಯಿಂದ ಇಳಿದು ಬಂದರು. ಎಲ್ಲ ಸರಿಹೋಯಿತೆನ್ನುವಾಗ ಅಜ್ಜಿ ಒಳಗಿನಿಂದ ಕೂಗಿದರು: “ಆ ಜೀಪಿನಾಗೆ ತಿರುಗೋನು ಅಂತೀರಿ. ಇವಂದೇ ಆಗೈತೋ ಏನೋ! ಆಗಿಲ್ಲ ಅಂತ ಡಾಕ್ಟ್ರು ಬರೆದುಕೊಟ್ರೆ ಹುಡುಗಿ ಕೊಡಾಣ.”

ಹುಡುಗಿ ತಲೆ ತಗ್ಗಿಸಿ, ನನಗೆ ಮಾತ್ರ ಕೇಳುವಂತೆ, “ಬೇಗ ಬರೆಸ್ಕಂಬರ್ರಿ” ಅಂದಳು.

ದಾರಿಯಲ್ಲಿ ಸಿಕ್ಕ ಮೊದಲ ಆಸ್ಪತ್ರೆಗೇ ನುಗ್ಗಿದೆ. ಕಾಂಪೌಂಡರ್ ಶಾಂತವಾಗಿ ಹೇಳಿದರು: “ಆಗೈತೆ ಅಂತ ಬರೆಯೋ ಸರ್ಟಿಫಿಕೇಟು ಅಷ್ಟೇ ಐತ್ರಿ ನಮ್ಮಲ್ಲಿ. ಅದಕ್ಕೇನು, ಒಳಗೆ ಬರ್ರಿ, ಹೆಚ್ಚು ಹೊತ್ತಾಗಲ್ಲ.” ಕೈಯನ್ನೂ ಹಿಡಿದರು. ಬಿಡಿಸಿಕೊಂಡು ಹೊರಗೆ ಓಡಿದೆ.

ಮಿಲಿಟರಿ ಜೀಪಿಗೆ ಕೀಲಿ ಇರಲಿಲ್ಲ, ಸ್ವಿಚ್ ತಿರುವಿದರೆ ಸಾಕು. ಯಾರೋ ಡ್ರೈವರ್, ಗುರುತು ನೋಡಿ ಆಸ್ಪತ್ರೆಯದೇ ಅಂದುಕೊಂಡು, ಆಪರೇಷನ್ ಆದವರನ್ನು ಊರು ಮುಟ್ಟಿಸಲು ಅದರಲ್ಲಿ ತುಂಬಿ ಹೊರಟಿದ್ದ. ಹಿಂದೆ ಆರು ಜನ, ಎಡಗಡೆ ಸೀಟಿನಲ್ಲಿ ಇಬ್ಬರು. ಎಲ್ಲರೂ ಹರಟುತ್ತಿದ್ದರು. ನನ್ನ ಜೀಪಿನಲ್ಲಿ ಅಷ್ಟು ಮಾತು ನಾನು ಕೇಳಿದ್ದು ಅದೇ ಮೊದಲು.

ಕಂಬಿ ಹಿಡಿದು ಜೊತೆಗೇ ಓಡಿದೆ. ಏದುಸಿರಿನಲ್ಲಿ ಒಂದೇ ಮಾತು ಹೊರಟಿತು: “ನಂದು... ನಂದು...”

ಡ್ರೈವರ್ ಕರುಣೆಯಿಂದ ನನ್ನ ಕೈ ಬಿಡಿಸಿದ. “ಗೊತ್ತಾತು ಬಿಡ್ರಿ, ನಿಮ್ದೂ ಮಾಡಾಣ. ಇವತ್ತು ಜಾಗ ಇಲ್ಲ. ನಾಳೆ ಮೊದಲನೇ ಹೆಸರು ನಿಮ್ದೇ.”