ನಾಲ್ಕು ಮಹಡಿಗೆ ಒಂದೇ ಮೆಟ್ಟಿಲು

ಹತ್ತಾರು ಸಂಸಾರಗಳು ಒಂದೇ ಮೆಟ್ಟಿಲು ತುಳಿಯುವ ಕಡೆ ಇಂಥವು ನಡೆಯುತ್ತಲೇ ಇರುತ್ತವೆ. ಎರಡು ಸಾವಿರದ ಇಸವಿಯ ಆಚೀಚೆಯ ವರ್ಷಗಳಲ್ಲಿ ನಾನು ದೋಹಾದ ಅಲ್ ಸದ್ದ್‌ನ ಒಂದು ಹಳೆ ಕಟ್ಟಡ ನೋಡಿಕೊಳ್ಳುತ್ತಿದ್ದೆ. ಅಲ್ಲಿ ದಿನಾ ಕಸದ ಜಗಳ. ಬೇಸತ್ತ ಅರಬಿ ಮಾಲೀಕರು ಬಾಡಿಗೆದಾರರನ್ನೆಲ್ಲ ಕಳಿಸಿ ಕಟ್ಟಡವನ್ನು ಇಡಿಯಾಗಿ ಒಂದು ಕಂಪನಿಗೆ ಕೊಡಲು ಹೊರಟಿದ್ದರು. ನಮ್ಮ ಮ್ಯಾನೇಜರು ಸ್ಕಾಟ್ಲೆಂಡಿನವರು. ಬಾಡಿಗೆದಾರರೇ ಕಟ್ಟಡ ಚೆನ್ನಾಗಿ ಇಟ್ಟುಕೊಂಡು ತೋರಿಸುತ್ತಾರೆ, ಸ್ವಲ್ಪ ಸಮಯ ಕೊಡಿ ಎಂದು ಬೇಡಿಕೊಂಡರು. ಪಾಪ, ನಮ್ಮನ್ನು ನಂಬಿದರು.

ಸರದಿಯ ಫಲಕ

ಮ್ಯಾನೇಜರ ಊರಲ್ಲಿ ಮೆಟ್ಟಿಲು ಎಲ್ಲ ಮನೆಯವರದ್ದಂತೆ. ತೊಳೆಯುವ ಸರದಿ ಯಾರದೋ ಅವರ ಬಾಗಿಲಿಗೆ ಒಂದು ಫಲಕ ತೂಗುಹಾಕುತ್ತಾರಂತೆ. ಇಲ್ಲೂ ಒಂದು ಮಾಡಿಸಿ ಮೊದಲ ಮಹಡಿಯ ಬಾಗಿಲಿಗೆ ಹಾಕಿದರು. ಆ ಮನೆಯಾಕೆ ಅದನ್ನು ಸದ್ದಿಲ್ಲದೆ ಎದುರು ಮನೆಗೆ ಸಿಕ್ಕಿಸಿದರು. ಅವರು ಮೇಲಿನವರಿಗೆ ದಾಟಿಸಿದರು. ಸಂಜೆಯೊಳಗೆ ಫಲಕ ನಾಲ್ಕೂ ಮಹಡಿ ಸುತ್ತಿ ನನ್ನ ಕೋಣೆಯ ಬಾಗಿಲಿಗೆ ಬಂದು ನೇತಾಡಿತು. ಒಂದು ಮೆಟ್ಟಿಲೂ ಒದ್ದೆಯಾಗಿರಲಿಲ್ಲ. ತೊಳೆದವನು ನಾನು.

ತಾರಸಿ ಯಾರದು?

ಅಪರೂಪಕ್ಕೆ ಬಂದ ಮಳೆಗೆ ತಾರಸಿ ಸೋರಿತು. ಎಲ್ಲರೂ ಸೇರಿ ರಿಪೇರಿ ಮಾಡಿಸೋಣವೆಂದು ಮ್ಯಾನೇಜರು ಸಭೆ ಕರೆದರು. ನೆಲಮಹಡಿಯಲ್ಲಿದ್ದ ಉಡುಪಿಯ ಗುಮಾಸ್ತರು ಎದ್ದುನಿಂತರು. "ನಾನಿರುವುದು ಕೆಳಗೆ ಮಾರಾಯ್ರೆ, ತಾರಸಿ ಸೋರಿದ್ರೆ ನನಗೆಂತ?"

ತಮ್ಮ ದೇಶದ ಕಾನೂನಿನಲ್ಲಿ ನೆಲಮಹಡಿಯವರಿಗೂ ಮಾಡಿನ ಹೊಣೆಯುಂಟು, ಅದು ಎಲ್ಲರ ತಲೆಯನ್ನೂ ಕಾಯುತ್ತದೆ ಎಂದು ಮ್ಯಾನೇಜರು ತಿಳಿಹೇಳಿದರು. ಆ ಕಾನೂನು ಮನೆ ಕೊಂಡವರಿಗೆ, ಇವರೆಲ್ಲ ಬಾಡಿಗೆಯವರು ಎಂದು ನಾನು ಅವರ ಕಿವಿಯಲ್ಲಿ ಹೇಳಿದೆ. ಕೇಳಲಿಲ್ಲ. ಗುಮಾಸ್ತರಿಗಂತೂ ಮಾತು ಪೂರಾ ಒಪ್ಪಿಗೆಯಾಯಿತು. ಹೊಣೆಯಿದ್ದ ಮೇಲೆ ಪಾಲೂ ಉಂಟೆಂದು ಮರುದಿನವೇ ಅರ್ಧ ತಾರಸಿಗೆ ಹಗ್ಗ ಕಟ್ಟಿ ಹಪ್ಪಳ ಒಣಗಿಸಿದರು. ಉಳಿದರ್ಧದಲ್ಲಿ ಮೂರನೇ ಮಹಡಿಯವರ ಒಣಮೀನು ಬಂತು. ಹಕ್ಕು ಕೇಳಲು ಎಲ್ಲರೂ ಹಾಜರು, ರಿಪೇರಿಗೆ ಮಾತ್ರ ಮಾಫಿ.

ಮಾಲೀಕರ ಭೇಟಿ

ಕೊನೆಗೆ ಮಾಲೀಕರು ಬರುವ ದಿನ ಗೊತ್ತಾಯಿತು. ಮನೆ ಹೋದರೆ ಮಕ್ಕಳ ಶಾಲೆ ಗತಿಯೇನು ಎಂಬ ಹೆದರಿಕೆ ಎಲ್ಲರಿಗೂ ಒಟ್ಟಿಗೇ ಹತ್ತಿತು. ಮಾತುಬಿಟ್ಟವರೂ ಜೊತೆಗೆ ನಿಂತು ತಾರಸಿ ಸರಿಮಾಡಿಸಿದರು, ಗೋಡೆಗೆ ಬಣ್ಣ ಬಳಿದರು, ಮೆಟ್ಟಿಲು ತಿಕ್ಕಿದರು. ಹಪ್ಪಳದವರೂ ಒಣಮೀನಿನವರೂ ಒಂದೇ ಬಕೆಟ್ ಹಿಡಿದದ್ದು ನೋಡಿ ಮ್ಯಾನೇಜರ ಕಣ್ಣು ತುಂಬಿತು. ನನಗೂ ಹೆಮ್ಮೆಯೆನಿಸಿತು.

ಮಾಲೀಕರು ಮೇಲಿನವರೆಗೂ ಹತ್ತಿ ಇಳಿದರು. ಮುಖ ಅರಳಿತ್ತು. ಮ್ಯಾನೇಜರ ಬೆನ್ನು ತಟ್ಟಿದರು.

"ಕಟ್ಟಡ ಕೊಳಕು ಅಂತ ಕಂಪನಿಯವರು ತಗೊಳ್ಳೋಕೆ ಹಿಂದೆಮುಂದೆ ನೋಡ್ತಾ ಇದ್ದರು. ಇನ್ನು ತಕರಾರಿಲ್ಲ. ಖಲಾಸ್."

ತಿಂಗಳೊಳಗೆ ಎಲ್ಲರೂ ಹೊರಟರು. ಕೆಲವರು ನಗರದಾಚೆಯ ಅಲ್ ರಯ್ಯಾನ್‌ಗೆ, ಕೆಲವರು ಹೆಂಡತಿ ಮಕ್ಕಳನ್ನು ಊರಿಗೆ ಕಳಿಸಿ ಒಂಟಿ ಕೋಣೆಗೆ. ಇನ್ನಷ್ಟು ದಿನ ಕೊಳಕಾಗಿಯೇ ಇದ್ದಿದ್ದರೆ ಎಂದು ಈಗಲೂ ಅನಿಸುತ್ತದೆ. ಸಾಮಾನು ಇಳಿಸುವ ದಿನ ಕೂಲಿಯವರು ಮೊದಲ ಮಹಡಿಯಿಂದ ಕಪಾಟು ಹೊತ್ತು ಬರುತ್ತಿದ್ದರು. ಹಪ್ಪಳ ಒಣಗಿಸಲು ಬಿಟ್ಟರೆ ಮೆಟ್ಟಿಲು ಹತ್ತುವ ಅಗತ್ಯವೇ ಇಲ್ಲದಿದ್ದ ಆ ನೆಲಮಹಡಿಯ ಗುಮಾಸ್ತರು ಕೈ ಅಡ್ಡ ಹಿಡಿದು ನಿಲ್ಲಿಸಿ ಗದರಿದರು.

"ಚಪ್ಪಲಿ ತೆಗೀರಿ. ಮೆಟ್ಟಿಲು ನಮ್ಮದು."