ಮದರ್‌ಬೋರ್ಡಿನ ಹಲ್ಲು ನೋಡಿದ್ದು

"ಡಬ್ಬಿ ನೋಡಿ ಮರುಳಾಗೋ ಗಿರಾಕಿ ಅಲ್ಲ ನಾ!" ಎಂದು ನಾನು, ಅಂದರೆ ಮುತ್ತಪ್ಪ, ಖಾಸಬಾಗದ ನಮ್ಮ ಮನೆಯ ಪಡಸಾಲೆಯಲ್ಲಿ ನಿಂತು ಘೋಷಿಸಿದೆ. ಕೇಳಿಸಿಕೊಂಡವರು ಇಬ್ಬರು: ಹೆಂಡತಿ ಮಾಯಾ, ಮತ್ತು ಚಹಾ ಕುಡಿಯುತ್ತಿದ್ದ ಅಪ್ಪ ರಾಯಪ್ಪ.

ಮಾಯಾ ಮನೆಯಲ್ಲೇ ಕಂಪ್ಯೂಟರಿನಲ್ಲಿ ಲಗ್ನಪತ್ರಿಕೆ ಮಾಡಿಕೊಡುತ್ತಾಳೆ, ಕನ್ನಡದಲ್ಲೂ ಮರಾಠಿಯಲ್ಲೂ. ಸಿಡಿಲಿನ ಹೊಡೆತಕ್ಕೆ ಆ ಕಂಪ್ಯೂಟರ್ ಸತ್ತಿತ್ತು. ಹೊಸ ಪ್ರೊಸೆಸರನ್ನು ಆಕೆ ಐದೇ ನಿಮಿಷದಲ್ಲಿ ಆರಿಸಿ ತಂದಳು. ಅದನ್ನು ಕೂರಿಸಲು ಮದರ್‌ಬೋರ್ಡ್ ಆರಿಸುವ ಭಾರ ನನ್ನ ಹೆಗಲಿಗೆ ಬಿತ್ತು. ಬಿತ್ತು ಎಂದರೆ, ನಾನೇ ಕಿತ್ತುಕೊಂಡೆ!

"ರೀ, ಹನ್ನೊಂದ ದಿನಾ ಆತು. ಐತವಾರ ಮುಂಜಾನೆ ನಂದಗಡದ ಗುರುಪುತ್ರಪ್ಪಾರು ಮಗಳ ಪತ್ರಿಕಿ ನೋಡಾಕ ಬರ್ತಾರ. ತಯಾರ ಇರಲಿಲ್ಲಂದ್ರ ಬ್ಯಾರೆ ಕಡೆ ಕೊಡ್ತಾರ. ಆ ಊರಿಂದ ನನಗ ಬಂದ ಮೊದಲನೇ ಕೆಲಸ ಇದು!"

"ಅವಸರ ಮಾಡಬ್ಯಾಡ. ಪರೀಕ್ಷಾ ನಡದೈತಿ!"

ಪರೀಕ್ಷೆ ನಡೆಯುತ್ತಿದ್ದದ್ದು ರೈಲಿನಲ್ಲಿ. ಖಾನಾಪುರದ ಕಚೇರಿಗೆ ಹೋಗುವಾಗ ದಿನವೂ ನೋಟ್‌ಬುಕ್ ತೆರೆದು ಬೋರ್ಡುಗಳಿಗೆ ಅಂಕ ಕೊಡುತ್ತಿದ್ದೆ. ನಮ್ಮ ಪ್ರೊಸೆಸರಿಗೆ ಹೊಂದುತ್ತದೆಯೇ? ಕರೆಂಟಿನ ಭಾರ ತಾಳುತ್ತದೆಯೇ? ಕಾವು ಹೊರಗೆ ಹಾಕುತ್ತದೆಯೇ? ಎಲ್ಲವನ್ನೂ ಎದುರು ಸೀಟಿನವರಿಗೆ ವಿವರಿಸಿಯೂ ಹೇಳುತ್ತಿದ್ದೆ. ದೇಸೂರ ಸ್ಟೇಶನ್ ಬರುವಷ್ಟರಲ್ಲಿ ಅವರು ಎದ್ದು ಬಾಗಿಲ ಹತ್ತಿರ ಹೋಗಿ ನಿಲ್ಲುತ್ತಿದ್ದರು.

ಶನಿವಾರ ಮಧ್ಯಾಹ್ನ, ಅತಿ ಹೆಚ್ಚು ಅಂಕ ಪಡೆದ ಬೋರ್ಡನ್ನು ಕೊಂಡೆ. ಅಂಗಡಿಯ ಓಂಕಾರ ಅದನ್ನು ಕೈಗೆ ಕೊಡುತ್ತ, "ಸರ, ನಡುವಿನ ಈ ಕರಿ ಮುಚ್ಚಳ ತೆಗೀಬ್ಯಾಡ್ರಿ. ಸಂಜಿಗೆ ನಾನಽ ಬಂದು ಪ್ರೊಸೆಸರ್ ಕೂಡಸ್ತೀನಿ" ಎಂದ.

ತೆಗೆಯಬಾರದಂತೆ! ಮುಚ್ಚಿಟ್ಟ ಕಡೆಯೇ ಮೋಸ ಇರುತ್ತದೆಂದು ಕುರಿ ಸಾಕಿದ ಮನೆತನದವನಿಗೆ ಗೊತ್ತಿಲ್ಲವೇ? ಸಂತೆಯಲ್ಲಿ ಅಪ್ಪ ಟಗರಿನ ಬಾಯಿ ತೆರೆದು, ಹೆಬ್ಬೆರಳಿನಿಂದ ಹಲ್ಲು ಸವರಿ, ಅದರ ವಯಸ್ಸು ಹೇಳುತ್ತಿದ್ದ. ನಾನು ಅವನ ಮಗ! ಮನೆ ಮುಟ್ಟಿದ ಕೂಡಲೇ ಮುಚ್ಚಳ ತೆಗೆದೆ. ಆಹಾ! ಒಳಗೆ ಸಾಲು ಸಾಲು ಬಂಗಾರದ ಹಲ್ಲು, ಒಂದೊಂದೂ ಕೂದಲೆಳೆಯಷ್ಟು ಸಣ್ಣದು! ಗಟ್ಟಿ ಇವೆಯೋ ಇಲ್ಲವೋ ಎಂದು ಹೆಬ್ಬೆರಳಿಟ್ಟು ಒತ್ತಿ ಸವರಿದೆ. ಹತ್ತಕ್ಕೆ ಹತ್ತು ಅಂಕ ಕೊಟ್ಟೆ.

ಪ್ರೊಸೆಸರನ್ನೂ ನಾನೇ ಕೂರಿಸಿದೆ. ಬಟನ್ ಒತ್ತಿದರೆ ಫ್ಯಾನ್ ತಿರುಗಿತು, ಪರದೆ ಮಾತ್ರ ಕಪ್ಪು. ವಾಯರಿನದೇ ತಪ್ಪೆಂದು ಟೀವಿಯ ವಾಯರ್ ಕಿತ್ತು ಹಚ್ಚಿದೆ. ಪ್ಲಗ್ಗಿನದೇ ತಪ್ಪೆಂದು ಫ್ರಿಜ್ಜಿನ ಜಾಗದಲ್ಲಿ ಚುಚ್ಚಿದೆ. ಅರ್ಧ ಗಂಟೆಯಲ್ಲಿ ಟೀವಿ ಬಂದ್, ಫ್ರಿಜ್ ಬಂದ್, ವೈಫೈ ಬಂದ್! ಅಪ್ಪ ನೋಡುತ್ತಿದ್ದ ಕುಸ್ತಿಯಲ್ಲಿ ಯಾರು ಗೆದ್ದರೋ ಇವತ್ತಿಗೂ ಗೊತ್ತಿಲ್ಲ.

ಸಂಜೆ ಓಂಕಾರ ಬಂದ. ಪ್ರೊಸೆಸರ್ ಎತ್ತಿ ಟಾರ್ಚ್ ಬಿಟ್ಟು ನೋಡಿದ.

"ಯಾರ್ರೀ ಇದರಾಗ ಬೆರಳ ಹಾಕಿದವರು?"

"ನಾ ಅಲ್ಲಪಾ!" ಅಪ್ಪ ಎರಡೂ ಕೈ ಮೇಲೆತ್ತಿದ.

ನಾನು ಹೆಬ್ಬೆರಳನ್ನು ಮುಷ್ಟಿಯೊಳಗೆ ಅಡಗಿಸಿದೆ. ಮಾಯಾ ಆ ಮುಷ್ಟಿಯನ್ನೇ ನೋಡಿದಳು.

"ಹಲ್ಲ ಗಟ್ಟಿ ಅದಾವೇನು ಅಂತ ನೋಡಿದ್ನಿ," ಎಂದು ಒಪ್ಪಿಕೊಂಡೆ.

"ಅಲ್ಲೋ, ಹಲ್ಲ ಸವರಬೇಕು, ಒತ್ತಬಾರದು!" ಅಪ್ಪ ಗುಡುಗಿದ. "ಟಗರಾಗಿದ್ದರ ಕಡದು ಬುದ್ಧಿ ಕಲಸ್ತಿತ್ತು!"

"ನಾಕ ಪಿನ್ ಬಾಗ್ಯಾವ್ರಿ," ಎಂದ ಓಂಕಾರ. "ಇದನ್ನ ವಾಪಸ್ ತಗೊಳಾಂಗಿಲ್ಲ. ಬ್ಯಾರೆ ತರಸಾಕ ನಾಕ ದಿನಾ ಬೇಕು."

ಅಷ್ಟರಲ್ಲೇ ಮಾಯಾಳ ಫೋನು ಬಡಿಯಿತು. ಗುರುಪುತ್ರಪ್ಪ! "ತಂಗೀ, ನಾಳೆ ಮೊದಲನೇ ಬಸ್ಸಿಗೆ ಬರಾಕತ್ತೇನಿ. ಪತ್ರಿಕಿ ತಯಾರ ಇರತೈತೆಲ್ಲ?"

ಮಾಯಾ ನನ್ನತ್ತ ಒಮ್ಮೆ ನೋಡಿದಳು. ಬೈಯಲಿಲ್ಲ. ಬೈದಿದ್ದರೆ ಎಷ್ಟೋ ಹಗುರಾಗುತ್ತಿತ್ತು; ಖರೇ ಹೇಳುತ್ತೇನೆ, ನನಗೆ ತಲೆ ಎತ್ತಲಾಗಲಿಲ್ಲ.

"ಬರ್ರಿ ಅಣ್ಣಾರ, ತಯಾರ ಇರತೈತಿ," ಎಂದು ಫೋನಿಟ್ಟಳು.

ಪ್ಲಗ್ ಕಿತ್ತಳು. ಹೊಲಿಗೆ ಡಬ್ಬಿಯಿಂದ ಅತಿ ಸಣ್ಣ ಸೂಜಿ ತೆಗೆದಳು. "ಮಾವಾರ, ಒಂದೀಟು ಕೊಡ್ರಿ" ಎಂದು ಅಪ್ಪನ ಮೂಗಿನ ಮೇಲಿನ ಚಾಳೀಸನ್ನು ಇಸಿದುಕೊಂಡು ಭೂತಗನ್ನಡಿಯ ಹಾಗೆ ಹಿಡಿದಳು. ಉಸಿರು ಬಿಗಿಹಿಡಿದು ಒಂದೊಂದೇ ಪಿನ್ನನ್ನು ಎತ್ತಿ ನಿಲ್ಲಿಸಿದಳು. ಟಾರ್ಚ್ ಹಿಡಿಯುವ ಕೆಲಸವನ್ನೂ ನನಗೆ ಕೊಡದೆ ಓಂಕಾರನಿಗೆ ಕೊಟ್ಟಿದ್ದಳು. ಆತ ಪ್ರೊಸೆಸರ್ ಕೂರಿಸಿ ಬಟನ್ ಒತ್ತಿದ.

ಪರದೆ ಬೆಳಗಿತು!

ಅಪ್ಪ ಮೀಸೆ ತಿರುವಿದ. "ನೋಡಿದೇನೋ? ಹೆಣ್ಣ ನೋಡಾಕ ಹೋದಾಗ, ಸೂಜ್ಯಾಗ ದಾರಾ ಪೋಣಸವ್ವಾ ಅಂತ ಈಕಿಗೆ ಅಂದಿದ್ನಿ; ಒಂದ ಸಲಕ್ಕ ಪೋಣಸಿದ್ಲು. ನೀ ನಾಚಿಕಿ ಬಂದು ತಲಿ ತಗ್ಗಿಸಿದ್ದಿ. ಪರೀಕ್ಷಾ ಅಂದ್ರ ಅದು!"

"ಹೌದ್ರಿ ಮಾವಾರ," ಮಾಯಾ ಪತ್ರಿಕೆಯ ಕೆಲಸಕ್ಕೆ ಕೂರುತ್ತ ಹೇಳಿದಳು. "ನೀವು ಪರೀಕ್ಷಾ ಮಾಡಿ ನನ್ನ ತಂದ್ರಿ. ನಾನಽ ಡಬ್ಬಿ ಅಷ್ಟ ನೋಡಿ ನಿಮ್ಮ ಮಗನ್ನ ಒಪ್ಪಿಬಿಟ್ಟೆ!"