ಭಜನೆಯ ಪೆಟ್ಟಿಗೆ ಮತ್ತು ನನ್ನ ಉದ್ಯೋಗ

ನಿಮ್ಮ ಉದ್ಯೋಗ ಏನು ಎಂದು ಯಾರಾದರೂ ಕೇಳಿದರೆ ನನಗೆ ಈಗಲೂ ಗಾಬರಿಯಾಗುತ್ತದೆ. ಸಂಗೀತ ರಚಿಸುತ್ತೇನೆ ಎಂದರೆ ಒಂದು ಹಾಡು ಹೇಳಿ ಎನ್ನುತ್ತಾರೆ. ನನಗೆ ಹಾಡಲು ಬರುವುದಿಲ್ಲ. ಅರವತ್ತರ ದಶಕದ ಕೊನೆಯಲ್ಲಿ ದೊಡ್ಡಬಳ್ಳಾಪುರದಲ್ಲಿ ಸಂಸಾರ ಹೂಡಿದಾಗ, ಒಂದು ಸ್ವರಕ್ಕೂ ಅದರ ಪಕ್ಕದ ಸ್ವರಕ್ಕೂ ನಡುವೆ ಅಡಗಿರುವ ಸಣ್ಣ ಸಣ್ಣ ಸ್ವರಗಳ ಹುಚ್ಚು ನನಗೆ ಹಿಡಿದಿತ್ತು. ನಮ್ಮ ಬೀದಿಯ ಮಗ್ಗಗಳ ಸದ್ದಿನಲ್ಲಿ ಅವು ಕೇಳಿಸುತ್ತವೆ ಎಂದರೆ ನನ್ನ ಹೆಂಡತಿ ಹಣೆ ಮುಟ್ಟಿ ಜ್ವರ ನೋಡುತ್ತಿದ್ದಳು. ಸಾಸಲು ಗ್ರಾಮದ ಮಾವನವರಿಗಂತೂ ಅಳಿಯ ಸುಮ್ಮನೆ ಕೂತಿರುವುದಷ್ಟೇ ಕಾಣಿಸುತ್ತಿತ್ತು.

"ಬೆಂಗಳೂರಲ್ಲಿ ಅದೇನೋ ಸಂಗೀತ ಕಚೇರಿ ಅಂತೀರಲ್ಲ, ಅದೊಂದು ಆಗ್ಲಿ. ಜನ ಒಪ್ಪಿದ್ರೆ ಸರಿ. ಇಲ್ದಿದ್ರೆ ಬಂದು ನಮ್ ಗೊಬ್ಬರದ ಅಂಗಡೀಲಿ ಕೂತ್ಕೊಳ್ಳಿ" ಎಂದು ಖಡಾಖಂಡಿತವಾಗಿ ಹೇಳಿಬಿಟ್ಟಿದ್ದರು.

ನನ್ನ ಹತ್ತಿರ ವಾದ್ಯವಿರಲಿಲ್ಲ. ಭಜನೆ ಮಂದಿರದ ಹಾರ್ಮೋನಿಯಂ ವಾರವೆಲ್ಲ ನನ್ನ ಬಳಿ, ಶನಿವಾರ ಸಂಜೆ ಭಜನೆಗೆ ಎಂದು ಒಪ್ಪಂದವಾಯಿತು. ಮಂದಿರದ ಹಿರಿಯರಾದ ನೇಕಾರ ನರಸಪ್ಪನವರನ್ನು ಕೇಳಿಯೇ ಅದರೊಳಗೆ ಸ್ವರ ನುಡಿಯುವ ಹಿತ್ತಾಳೆಯ ರೀಡುಗಳನ್ನು ಅರದಿಂದ ಕೆರೆದು ನನ್ನ ಸ್ವರಗಳಿಗೆ ತಂದೆ. ಆ ಶನಿವಾರ ಭಜನೆ ಶುರುವಾದದ್ದೇ ತಡ, ಎಲ್ಲರೂ ಮುಖ ಮುಖ ನೋಡಿಕೊಂಡರು. ಸ್ವರ ಬದಲಾಗಿದೆ, ನಾನೇ ಬದಲಾಯಿಸಿದ್ದು ಎಂದು ಬಿಡಿಸಿ ಹೇಳಿದೆ. ಆದರೆ ಅದು ವಾರವಾರ ಅರಿಶಿನ ಕುಂಕುಮ ಹಚ್ಚಿಸಿಕೊಳ್ಳುವ ಪೆಟ್ಟಿಗೆ.

"ಪೂಜೆ ಮಾಡೋ ಪೆಟ್ಗೆ ತಪ್ಪು ನುಡಿಯುತ್ತಾ ಸ್ವಾಮಿ? ನಮ್ ಗಂಟ್ಲೇ ಕೆಟ್ಟೋಗಿದೆ" ಎಂದರು ನರಸಪ್ಪ.

ಎಲ್ಲರೂ ಮೆಣಸಿನ ಕಷಾಯ ಕುಡಿದರು. ಪೆಟ್ಟಿಗೆ ಹೇಳಿದ ಕಡೆಗೆ ಗಂಟಲು ಬಗ್ಗಿಸುತ್ತ ಬಗ್ಗಿಸುತ್ತ, ಯುಗಾದಿಯ ಹೊತ್ತಿಗೆ ವಿದ್ವಾಂಸರೇ ಕೈಚೆಲ್ಲಿದ ನನ್ನ ಸ್ವರಗಳನ್ನು ನೀರು ಕುಡಿದಷ್ಟು ಸಲೀಸಾಗಿ ಹಾಡತೊಡಗಿದರು. ನನಗೆ ಸಂತೋಷದಿಂದ ಕಣ್ಣು ತುಂಬಿ ಬಂತು. ಬೆಂಗಳೂರಿನ ಕಚೇರಿಗೆ ಇವರೇ ಸರಿ ಎಂದು ನನ್ನ ಕೃತಿಯನ್ನು ಕಲಿಸಿದೆ. ನರಸಪ್ಪ ಪೆಟ್ಟಿಗೆಯನ್ನು ಕಚೇರಿಯ ಹಿಂದಿನ ದಿನವೇ ಬಸ್ಸಿಗೆ ಹಾಕಿಕೊಂಡು ಬೆಂಗಳೂರಿಗೆ ಹೋದರು.

ಕಚೇರಿಯಲ್ಲಿ ಮಾವನವರು ಪೇಟ ಸುತ್ತಿಕೊಂಡು ಮೊದಲ ಸಾಲಿನಲ್ಲಿ ಕೂತರು, ಪಕ್ಕದಲ್ಲಿ ನಾನು. ಪರದೆ ಸರಿಯುವ ಮುಂಚೆ ನರಸಪ್ಪ ಬಂದು ಕಿವಿಯ ಹತ್ತಿರ ಬಗ್ಗಿದರು.

"ದೊಡ್ ಸಭೆ ಅಂತ ನೆನ್ನೆ ಪೆಟ್ಗೇನ ಇಲ್ಲೇ ಪೇಟೇಲಿ ರಿಪೇರಿ ಮಾಡಿಸ್ಬಿಟ್ಟೆ. ರೀಡೆಲ್ಲ ಸವೆದೋಗಿತ್ತಂತೆ, ಹೊಸದು ಹಾಕ್ಕೊಟ್ಟವ್ನೆ. ನೀವೇನೂ ಯೋಚ್ನೆ ಮಾಡ್ಬೇಡಿ."

ನಾನು ಬಾಯಿ ತೆರೆಯುವಷ್ಟರಲ್ಲಿ ಪರದೆ ಸರಿಯಿತು. ಪೆಟ್ಟಿಗೆ ನುಡಿದಂತೆ ಅವರು ಹಾಡಿದರು. ನಾನು ವರ್ಷಗಟ್ಟಲೆ ಹುಡುಕಿದ ಸ್ವರಗಳಲ್ಲಿ ಒಂದೂ ಬರಲಿಲ್ಲ. ಅಚ್ಚುಕಟ್ಟಾದ ಒಂದು ಭಜನೆ ನಡೆದುಹೋಯಿತು. ಚಪ್ಪಾಳೆ ನಿಲ್ಲಲೇ ಇಲ್ಲ. ಒಬ್ಬ ವಿಮರ್ಶಕರು ಕೈಕುಲುಕಿ, ನಿಮ್ಮ ಸೂಕ್ಷ್ಮ ಸ್ವರಗಳು ಕೊನೆಗೂ ಅರ್ಥವಾದವು ಎಂದರು. ಮಾವನವರು ಅಂಗಡಿಯ ಮಾತು ಬಿಟ್ಟು, ಕಂಡವರಿಗೆಲ್ಲ "ಇವ್ರು ನಮ್ಮಳಿಯಂದ್ರು" ಎಂದು ನನ್ನನ್ನು ಪರಿಚಯಿಸುತ್ತಿದ್ದರು. ನಗಬೇಕೋ ಅಳಬೇಕೋ ತಿಳಿಯದ ಆ ಗೊಂದಲದಲ್ಲಿ ಮುಂದಿನ ಕಚೇರಿಗೂ ಹೂಂ ಎಂದುಬಿಟ್ಟೆ. ಅವರು ಹಾಡುವಾಗ ನನ್ನ ಕೈ ತೊಡೆಯ ಮೇಲೆ ತಾನಾಗಿ ತಾಳ ಹಾಕುತ್ತಿದ್ದುದನ್ನು ಮಾತ್ರ ಹೆಂಡತಿಗೂ ಹೇಳಿಲ್ಲ. ಚೆನ್ನಾಗಿತ್ತು, ನಾನು ಬರೆದದ್ದಕ್ಕಿಂತ ಚೆನ್ನಾಗಿತ್ತು.